ಈ ತಟ್ಟೆ ಯಾರದು?



ಸೆಪ್ಟೆಂಬರ್ ಬಂತೆಂದರೆ ಸರ್ಕಾರಕ್ಕೆ ನಮ್ಮ ಹೊಟ್ಟೆಯ ನೆನಪಾಗುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಪೋಷಣ ಅಭಿಯಾನ ಅಂತ ಶುರು ಮಾಡಿತು. ಅಲ್ಲಿಂದ ಸೆಪ್ಟೆಂಬರ್ ಪೋಷಣ ಮಾಸವಾಯಿತು. ಭಾಷಣ, ಜಾಥಾ, ಪ್ರತಿಜ್ಞೆ, ಆಮೇಲೆ ಪೋಸ್ಟರ್ ಸ್ಪರ್ಧೆ. ಈಗೀಗ ಬರೀ ಚಿತ್ರ ಬರೆದರೆ ಸಾಲದಂತೆ. ಬಿಡಿಸಿದರೆ ಎದ್ದು ನಿಲ್ಲುವ, ಎಳೆದರೆ ಸರಿಯುವ, ತಿರುಗಿಸಿದರೆ ತಿರುಗುವ ಪಾಪ್-ಅಪ್ ಪೋಸ್ಟರ್ ಮಾಡಿ ಅಂತಾರೆ. ವಿಷಯ: ಆರೋಗ್ಯಕರ ಆಹಾರ. ಗೆದ್ದವರಿಗೆ ಒಂದು ಸರ್ಟಿಫಿಕೇಟು.

ಮಾಡೋಣ. ನಾವು ಬೇಡ ಅನ್ನೋದಿಲ್ಲ. ಆದರೆ ಕತ್ತರಿ ಕೈಗೆ ತಗೊಳ್ಳೋ ಮುಂಚೆ ಒಂದು ಪ್ರಶ್ನೆ ಕೇಳಲೇಬೇಕು. ಆ ಪೋಸ್ಟರಿನಲ್ಲಿ ಎದ್ದು ನಿಲ್ಲುವ ತಟ್ಟೆ ಯಾರದು?

ನೀವು ಇದುವರೆಗೆ ನೋಡಿರುವ ಪೋಸ್ಟರುಗಳನ್ನು ನೆನಪು ಮಾಡಿಕೊಳ್ಳಿ. ನಡುವೆ ಒಂದು ಬಿಳೀ ತಟ್ಟೆ. ಸುತ್ತ ಸೇಬು, ದ್ರಾಕ್ಷಿ, ಬಾದಾಮಿ, ಗಾಜಿನ ಲೋಟದಲ್ಲಿ ಹಾಲು, ಜೊತೆಗೆ ನಮ್ಮೂರ ಸಂತೆಯಲ್ಲಿ ಹುಡುಕಿದರೂ ಸಿಕ್ಕದ ಹಸಿರು ಹೂಕೋಸು. ಮುದ್ದೆ ಇಲ್ಲ. ಜೋಳದ ರೊಟ್ಟಿ ಇಲ್ಲ. ಹುರುಳಿಕಾಳಿನ ಬಸ್ಸಾರು ಇಲ್ಲ. ಒಣಮೀನು ಇಲ್ಲ. ಬಾಡು? ಆ ಮಾತೇ ಎತ್ತಬೇಡಿ. ನಮ್ಮ ಅವ್ವ ಬೇಯಿಸಿದ್ದು ಒಂದೂ ಅಲ್ಲಿಲ್ಲ ಅಂದಮೇಲೆ ಆ ಪೋಸ್ಟರು ನಮಗೆ ಹೇಳುತ್ತಿರುವುದು ಇಷ್ಟೇ: ನೀವು ಇಲ್ಲಿ ತನಕ ತಿಂದದ್ದು ಊಟವೇ ಅಲ್ಲ.

ಇದು ಮೊದಲನೇ ಸುಳ್ಳು. ಎರಡನೇದು ಇದಕ್ಕಿಂತ ದೊಡ್ಡದು. ಪೋಸ್ಟರಿನ ಕೆಳಗೆ ಒಂದು ಸಾಲು ಇರುತ್ತದೆ, ಸರಿಯಾಗಿ ತಿನ್ನಿ, ಆರೋಗ್ಯವಾಗಿರಿ ಅಂತ. ಅಂದರೆ ನಾವು ಬಡಕಲಾಗಿರುವುದು ತಿನ್ನೋದು ಗೊತ್ತಿಲ್ಲದೆ! 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಸರ್ಕಾರದ್ದೇ ಲೆಕ್ಕ. ಆರು ತಿಂಗಳಿಂದ ಐದು ವರ್ಷದೊಳಗಿನ ಕರ್ನಾಟಕದ ಮಕ್ಕಳಲ್ಲಿ ನೂರಕ್ಕೆ ಸುಮಾರು 65 ಮಕ್ಕಳಿಗೆ ರಕ್ತಹೀನತೆ. ಐದು ವರ್ಷದೊಳಗಿನವರಲ್ಲಿ ನೂರಕ್ಕೆ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತ ಕಮ್ಮಿ. ಇವರೆಲ್ಲ ಪೋಸ್ಟರ್ ಓದದೆ ಹೀಗಾದರೇ? ಕೂಲಿ ಎಷ್ಟು, ಬೇಳೆ ಎಷ್ಟು ರೂಪಾಯಿ, ಹೊಲ ಯಾರ ಹೆಸರಿನಲ್ಲಿದೆ ಅಂತ ಕೇಳದೆ 'ಹಣ್ಣು ತಿನ್ನಿ' ಅನ್ನುವವನು ಹಸಿದವನ ಬಾಯಿಗೆ ಬುದ್ಧಿಮಾತು ತುರುಕುತ್ತಾನೆ.

ನಮ್ಮ ಊಟ ಊಟವಲ್ಲವೇ? ಹೈದರಾಬಾದಿನಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆ ಇದೆ. ಈ ದೇಶದ ಆಹಾರದಲ್ಲಿ ಯಾವ ಸತ್ವ ಎಷ್ಟಿದೆ ಅಂತ 1971ರಲ್ಲಿ ಅದು ಪುಸ್ತಕ ಮಾಡಿತು. ಬರೆದವರು ಚಳವಳಿಗಾರರಲ್ಲ, ಸರ್ಕಾರದ ವಿಜ್ಞಾನಿಗಳು. ಅವರ ಪಟ್ಟಿ ನೋಡಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 344 ಮಿಲಿಗ್ರಾಂ ಸುಣ್ಣದ ಅಂಶ. ಅಷ್ಟೇ ತೂಕದ ಹಸುವಿನ ಹಾಲಿನಲ್ಲಿ 120. ಪಾಲಿಶ್ ಅಕ್ಕಿಯಲ್ಲಿ 10. ಬೇಲಿ ಪಕ್ಕದ ನುಗ್ಗೆಸೊಪ್ಪಿನಲ್ಲಿ 440. ದನಕ್ಕೂ ಹಾಕುತ್ತಾರೆ, ನಾವೂ ತಿನ್ನುತ್ತೇವೆ ಅಂತ ನಗುವ ಹುರುಳಿಕಾಳಿನಲ್ಲಿ 22 ಗ್ರಾಂ ಪ್ರೋಟೀನು. ದನದ ಮಾಂಸದಲ್ಲೂ ಸುಮಾರು ಅಷ್ಟೇ. ಹೌದು, ಆ ಪಟ್ಟಿಯಲ್ಲಿ ದನದ ಮಾಂಸವೂ ಇದೆ, ಎಮ್ಮೆಯದೂ ಇದೆ. ವಿಜ್ಞಾನದ ಪುಸ್ತಕದಲ್ಲಿ ಇರುವುದು ಗೋಡೆಯ ಪೋಸ್ಟರಿಗೆ ಬರುವಷ್ಟರಲ್ಲಿ ಮಾಯವಾಗುತ್ತದೆ. ದಾರಿಯಲ್ಲಿ ಯಾರು ಕದ್ದರು?

ಕದ್ದವರ ಗುರುತು ಗೋಡೆಗಳ ಮೇಲೇ ಇದೆ. 2023ರಲ್ಲಿ ಬೊಂಬಾಯಿಯ ಐಐಟಿಯ ಒಂದು ಹಾಸ್ಟೆಲಿನ ಕ್ಯಾಂಟೀನಿನಲ್ಲಿ ಇಲ್ಲಿ ಸಸ್ಯಾಹಾರಿಗಳು ಮಾತ್ರ ಕೂರಬೇಕು ಅಂತ ಪೋಸ್ಟರ್ ಬಿತ್ತು. ಆಮೇಲೆ ಅದಕ್ಕೇ ಅಂತ ಬೇರೆ ಟೇಬಲ್ಲುಗಳನ್ನು ಇಟ್ಟರು. ಪ್ರತಿಭಟಿಸಿದ ವಿದ್ಯಾರ್ಥಿಗೆ 10,000 ರೂಪಾಯಿ ದಂಡ. ಅದೂ ಊಟದ ವಿಷಯದ ಪೋಸ್ಟರೇ ನೋಡಿ! ನಮ್ಮ ಅಪ್ಪಂದಿರಿಗೆ ಹೋಟೆಲಿನಲ್ಲಿ ಬೇರೆ ಲೋಟ ಇಟ್ಟಿದ್ದರು. ನಮಗೆ ಬೇರೆ ಟೇಬಲ್ಲು.

ಕನ್ನಡದ ಗೋಡೆಯೇನು ಕಮ್ಮಿ? 1973ರಲ್ಲಿ ಮೈಸೂರಿನಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದರು. ಅಷ್ಟಕ್ಕೇ ಮಂತ್ರಿ ಪದವಿ ಹೋಯಿತು. ಹಾಸ್ಟೆಲ್ ಹುಡುಗರು ಒದೆ ತಿಂದರು. ಐವತ್ತೊಂದು ವರ್ಷದ ಮೇಲೆ, 2024ರ ಡಿಸೆಂಬರಿನಲ್ಲಿ, ಅದೇ ಸಾಹಿತ್ಯದ ಸಮ್ಮೇಳನ ಮಂಡ್ಯದಲ್ಲಿ ನಡೆಯಿತು. ಬಾಡೂಟಕ್ಕೆ ಹೆಸರಾದ ಮಂಡ್ಯ! ಅಲ್ಲಿ ಮದ್ಯ, ತಂಬಾಕು, ಮಾಂಸಾಹಾರ ಮೂರನ್ನೂ ಒಂದೇ ಸಾಲಿನಲ್ಲಿ ಸೇರಿಸಿ ನಿಷೇಧ ಅಂತ ಸೂಚನೆ ಹೊರಡಿಸಿದರು. ನಮ್ಮ ಊಟ ಹೆಂಡ, ಬೀಡಿಯ ಪಕ್ಕ ಕೂತಿತು. ಜನ ಬಾಡೂಟ ಬೇಕು ಅಂತ ಗಲಾಟೆ ಮಾಡಿದ ಮೇಲೆ ಮೊಟ್ಟೆಯ ತನಕ ಇಳಿದು ಬಂದರು. ಈಗ ಹೇಳಿ, ಬೂಸಾ ಯಾವುದು?

ಆ ಮೊಟ್ಟೆಯ ಕತೆಯನ್ನೂ ಕೇಳಿ. 2021ರ ಡಿಸೆಂಬರಿನಲ್ಲಿ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯಪುರ ಈ ಕಡೆಯ ಶಾಲೆಗಳ ಬಿಸಿಯೂಟದಲ್ಲಿ ಮೊಟ್ಟೆ ಕೊಡಲು ಶುರು ಮಾಡಿದರು. ಕೆಲವು ಮಠಾಧೀಶರು ವಿರೋಧಿಸಿದರು. ಗಂಗಾವತಿಯ ಶಾಲೆಯ ಹೆಣ್ಣುಮಕ್ಕಳು ಬೀದಿಗೆ ಬಂದು ನಮಗೆ ಮೊಟ್ಟೆ ಬೇಕೇ ಬೇಕು ಅಂದರು. ಆಮೇಲೆ ಅದು ಇಡೀ ರಾಜ್ಯಕ್ಕೆ ಬಂತು, 2024ರಲ್ಲಿ ವಾರಕ್ಕೆ ಆರು ದಿನಕ್ಕೆ ಏರಿತು. ಸುಮ್ಮನೆ ಕೂತಿದ್ದರೆ ಏರುತ್ತಿತ್ತೇ? ಒಂದು ಮೊಟ್ಟೆಯಲ್ಲಿ ಸುಮಾರು ಆರು ಗ್ರಾಂ ಪ್ರೋಟೀನು. ಆ ಆರು ಗ್ರಾಮಿಗೂ ಬಾಯಿ ತೆರೆದು ಕೇಳಬೇಕಾಯಿತು.

ಆದ್ದರಿಂದ ನಾವು ಪೋಸ್ಟರ್ ಮಾಡಬೇಕು. ಅದರಲ್ಲೂ ಈ ಪಾಪ್-ಅಪ್ ಅನ್ನೋದು ನಮಗೇ ಹೇಳಿ ಮಾಡಿಸಿದ್ದು. ಯಾಕೆಂದರೆ ಅದು ನೋಡುವವರಿಗೆ ಮುಟ್ಟಿ ಅನ್ನುತ್ತದೆ. ಮುಟ್ಟಬೇಡ, ದೂರ ನಿಲ್ಲು ಅಂತ ಸಾವಿರ ವರ್ಷ ಕೇಳಿಸಿಕೊಂಡ ಜನ ನಾವು. ನೀರಿಗೆ ಕೈ ಹಾಕುವುದಕ್ಕೇ 1927ರಲ್ಲಿ ಮಹಾಡಿನ ಕೆರೆಗೆ ಬಾಬಾಸಾಹೇಬರು ನಡೆದು ಹೋಗಬೇಕಾಯಿತು. ನಾವು ಮಾಡಿದ ಪೋಸ್ಟರನ್ನು ವಾರ್ಡನ್ನೂ ಮುಟ್ಟಲಿ, ತಾಲ್ಲೂಕು ಅಧಿಕಾರಿಯೂ ಮುಟ್ಟಲಿ. ನಮ್ಮ ಬಾಗಿಲನ್ನು ಅವರ ಕೈಯಾರೆ ತೆರೆದು ನೋಡಲಿ.

ಹೇಗೆ ಮಾಡೋದು? ಖರ್ಚು ಜಾಸ್ತಿ ಇಲ್ಲ. ಎರಡು ಡ್ರಾಯಿಂಗ್ ಶೀಟು, ಹಳೇ ಲಗ್ನಪತ್ರಿಕೆಗಳು (ಅದರ ರಟ್ಟು ಗಟ್ಟಿ), ಕತ್ತರಿ, ಬ್ಲೇಡು, ಬೇಯಿಸಿದ ಮೈದಾ ಅಂಟು, ಒಂದೆರಡು ಗುಂಡುಪಿನ್ನು.

ಮೊದಲನೆಯದು, ಎದ್ದು ನಿಲ್ಲುವ ತಟ್ಟೆ. ಶೀಟನ್ನು ಉದ್ದಕ್ಕೆ ಸರಿಯಾಗಿ ಎರಡಾಗಿ ಮಡಚಿ. ಮಡಿಕೆಯ ಕಡೆಯಿಂದ ಒಂದೇ ಅಳತೆಯ ಎರಡು ಕತ್ತರಿಗೆರೆ ಹಾಕಿ, ನಾಲ್ಕು ಬೆರಳು ಅಂತರ ಬಿಟ್ಟು. ನಡುವಿನ ಪಟ್ಟಿಯನ್ನು ಒಳಕ್ಕೆ ತಳ್ಳಿ, ಗೆರೆ ಒತ್ತಿ, ಶೀಟು ಬಿಡಿಸಿ. ಪಟ್ಟಿ ಮೆಟ್ಟಿಲಿನ ಹಾಗೆ ಮುಂದಕ್ಕೆ ಬರುತ್ತದೆ. ಅದರ ಮುಖಕ್ಕೆ ಮುದ್ದೆ, ಸಾರು, ಸೊಪ್ಪು, ಮೊಟ್ಟೆ, ಬಾಡು ಇರುವ ತಟ್ಟೆಯ ಚಿತ್ರ ಅಂಟಿಸಿ. ಇದು ಪೂರ್ತಿ ಬಿಡಿಸಿದರೆ ಚಪ್ಪಟೆಯಾಗುತ್ತದೆ, ಅರ್ಧ ಬಿಡಿಸಿದಾಗಲೇ ಎದ್ದು ನಿಲ್ಲೋದು. ಅದಕ್ಕೇ ಮೆಸ್ಸಿನ ಮೂಲೆಯಲ್ಲಿ, ಎರಡು ಗೋಡೆ ಕೂಡುವ ಜಾಗದಲ್ಲಿ, ಮಡಿಕೆ ಮೂಲೆಗೆ ಬರುವ ಹಾಗೆ ಅಂಟಿಸಿ. ಮೂಲೆಗೆ ತಳ್ಳಿದರೂ ಎದ್ದು ನಿಲ್ಲುವ ಪೋಸ್ಟರು ಇದು.

ಎರಡನೆಯದು, ಬಾಗಿಲುಗಳು. ಒಂದೊಂದು ಆಹಾರಕ್ಕೆ ಒಂದೊಂದು ಚಿಕ್ಕ ಬಾಗಿಲು. ಹೊರಗೆ ಚಿತ್ರ, ತೆರೆದರೆ ಒಳಗೆ ತೂಕ, ಸತ್ವ, ಇವತ್ತಿನ ಸಂತೆ ಬೆಲೆ. ಬೆಲೆ ಬರೆಯದ ಪೋಸ್ಟರು ಅರ್ಧ ಸತ್ಯ. ಸೊಪ್ಪಿನ ಬಾಗಿಲೊಳಗೆ ಬರೆಯಿರಿ: ಮೇಲೆ ನಿಂಬೆಹುಳಿ ಹಿಂಡಿದರೆ ಸೊಪ್ಪಿನ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ, ಉಂಡ ಕೂಡಲೇ ಟೀ ಕುಡಿದರೆ ಹತ್ತೋದು ಕಮ್ಮಿಯಾಗುತ್ತದೆ. ಇದು ಕಾಸಿಲ್ಲದ ವಿದ್ಯೆ, ನಮ್ಮ ಹೆಣ್ಣುಮಕ್ಕಳಿಗೆ ಮೊದಲು ಬೇಕಾದದ್ದು. ದನದ ಮಾಂಸದ ಬಾಗಿಲನ್ನು ಮಾತ್ರ ಅಂಟು ಹಾಕಿ ಮುಚ್ಚಿಬಿಡಿ. ಮೇಲೆ ಒಂದು ಬೀಗ ಬರೆದು ಹೀಗೆ ಬರೆಯಿರಿ: 2020ರ ಗೋಹತ್ಯೆ ನಿಷೇಧ ಕಾಯ್ದೆ, 2021ರಲ್ಲಿ ಜಾರಿಗೆ ಬಂತು, ಕಡಿದವನಿಗೆ ಮೂರರಿಂದ ಏಳು ವರ್ಷ ಜೈಲು ಅಂತ ಹೇಳಿತು. ತೆರೆಯೋಕೆ ಹೋದ ಕೈಗೆ ತೆರೆಯದ ಬಾಗಿಲು ತಾನೇ ಪಾಠ ಹೇಳುತ್ತದೆ.

ಮೂರನೆಯದು, ತಿರುಗುವ ಚಕ್ರ. ಇದೇ ಮುಖ್ಯ. ರಟ್ಟಿನ ಎರಡು ಬಿಲ್ಲೆ ಕತ್ತರಿಸಿ. ಕೆಳಗಿನದನ್ನು ಏಳು ಭಾಗ ಮಾಡಿ, ವಾರದ ಏಳು ದಿನ. ಒಂದೊಂದು ಭಾಗದಲ್ಲೂ ಎರಡು ಸಾಲು: ಬೋರ್ಡಿನಲ್ಲಿ ಏನಿತ್ತು, ತಟ್ಟೆಗೆ ಏನು ಬಂತು. ಮೇಲಿನ ಬಿಲ್ಲೆಯಲ್ಲಿ ಒಂದು ಭಾಗದಷ್ಟು ಕಿಟಕಿ ಕತ್ತರಿಸಿ, ನಡುವೆ ಪಿನ್ನು ಹಾಕಿ. ತಿರುಗಿಸಿದರೆ ಒಂದೊಂದೇ ದಿನ ಕಿಟಕಿಗೆ ಬರುತ್ತದೆ. ಹದಿನಾರರಿಂದ ಹದಿನೆಂಟು ವರ್ಷದ ಹುಡುಗನಿಗೆ ದಿನಕ್ಕೆ ಸುಮಾರು 55 ಗ್ರಾಂ, ಹುಡುಗಿಗೆ 46 ಗ್ರಾಂ ಪ್ರೋಟೀನು ಬೇಕು ಅಂತ 2020ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳಿದೆ. ಸಾರಿನಲ್ಲಿ ಬೇಳೆ ಹುಡುಕೋಕೆ ಮುಳುಗಬೇಕಾದ ಹಾಸ್ಟೆಲಿನಲ್ಲಿ ಈ ಲೆಕ್ಕವನ್ನು ಚಕ್ರದ ಪಕ್ಕದಲ್ಲೇ ಬರೆಯಿರಿ. ಅಡುಗೆಯವರ ಮೇಲೆ ಹರಿಹಾಯಬೇಡಿ. ಅಡುಗೆ ಅಕ್ಕನಿಗೆ ಕೊಟ್ಟಿದ್ದನ್ನು ಆಕೆ ಬೇಯಿಸುತ್ತಾಳೆ. ಕೊಟ್ಟಿದ್ದೆಷ್ಟು ಅಂತ ಕೇಳಿ. ತಲೆಗೆ ಎಷ್ಟು ಗ್ರಾಂ ಅನ್ನುವ ಸುತ್ತೋಲೆ ಕಚೇರಿಯಲ್ಲಿ ಇರುತ್ತದೆ. ಅದು ಗುಟ್ಟಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಅರ್ಜಿ ಹಾಕಿದರೆ ಕೊಡಲೇಬೇಕು.

ಇನ್ನು ನಮ್ಮೊಳಗಿನ ಮಾತು. ಕೆಲವು ಗೆಳೆಯರು ಕೇಳುತ್ತಾರೆ: ಬಾಡು ಬಿಡಿ ಅಂತ ಬಾಬಾಸಾಹೇಬರೇ ಹೇಳಲಿಲ್ಲವಾ? ಸರಿಯಾಗಿ ತಿಳಿಯೋಣ. ಮಹಾಡಿನಲ್ಲಿ ಅವರು ಬಿಡಿ ಅಂದದ್ದು ಸತ್ತ ದನದ ಮಾಂಸವನ್ನು, ಮನೆಮನೆಯ ತಂಗಳನ್ನು. ಊರಿನವರ ಚಾಕರಿಗೆ ಕೂಲಿ ಬದಲು ಎಸೆದದ್ದನ್ನು ತಿನ್ನಬೇಡಿ ಅಂದರು. ಅದು ಮಾನದ ಮಾತು. ದನದ ಮಾಂಸಕ್ಕೂ ಅಸ್ಪೃಶ್ಯತೆಗೂ ಇರುವ ನಂಟನ್ನು 1948ರಲ್ಲಿ 'ಅಸ್ಪೃಶ್ಯರು' ಅನ್ನುವ ಪುಸ್ತಕ ಬರೆದು ಬಿಚ್ಚಿಟ್ಟವರೂ ಅವರೇ. ದುಡಿದ ದುಡ್ಡಿನಲ್ಲಿ ಕೊಂಡು ತಿನ್ನುವವನಿಗೆ ನಾಚಿಕೆ ಯಾತರದು? ತಿನ್ನದವನಿಗೆ ತಿನ್ನು ಅಂತ ನಾವು ಬಲವಂತ ಮಾಡೋದಿಲ್ಲ. ಅವನ ತಟ್ಟೆಗೂ ಒಂದು ಬಾಗಿಲಿರಲಿ. ಆದರೆ ಬಾಗಿಲನ್ನೇ ಕಿತ್ತುಹಾಕು ಅಂದರೆ ಒಪ್ಪೋದಿಲ್ಲ.

ಇನ್ನೊಂದು. ನಮ್ಮದು ಅಂದಮಾತ್ರಕ್ಕೆ ಎಲ್ಲ ಒಳ್ಳೇದು ಅಂತ ಬರೆಯಬೇಡಿ. ದಿನಕ್ಕೆ ಐದು ಗ್ರಾಮಿಗಿಂತ ಕಮ್ಮಿ ಉಪ್ಪು ಸಾಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಣಮೀನಿನಲ್ಲಿ, ಉಪ್ಪಿನಕಾಯಲ್ಲಿ ಉಪ್ಪು ಜಾಸ್ತಿ. ಹಾಸ್ಟೆಲಿನ ಊಟ ಬಾಯಿಗೆ ಹತ್ತದೆ ಗೇಟಿನಾಚೆ ಐದು ರೂಪಾಯಿ ಪೊಟ್ಟಣ, ಬಣ್ಣದ ಕೂಲ್‌ಡ್ರಿಂಕ್ಸಿಗೆ ಓಡೋದು ನಮ್ಮ ಹುಡುಗರೇ. ಸ್ವಾಭಿಮಾನ ಅಂದರೆ ಕಂಪನಿಯವನ ಪೊಟ್ಟಣ ಹರಿಯೋದಲ್ಲ. ಅದನ್ನೂ ಒಂದು ಬಾಗಿಲೊಳಗೆ ಬರೆಯಿರಿ. ನಮಗೆ ನಾವೇ ಸುಳ್ಳು ಹೇಳಿಕೊಂಡರೆ ಅವರ ಸುಳ್ಳನ್ನು ಹಿಡಿಯೋ ಹಕ್ಕು ನಮಗೆಲ್ಲಿ ಉಳಿಯಿತು?

ಈ ಪೋಸ್ಟರಿಗೆ ಬಹುಮಾನ ಬರೋದಿಲ್ಲ. ಗೊತ್ತಿದ್ದದ್ದೇ. ಒಂದು ವಾರ ಇರಬಹುದು, ಒಂದೇ ರಾತ್ರಿಯಲ್ಲಿ ಹರಿಯಬಹುದು. ಏನ್ರೋ ಇದು, ರಾಜಕೀಯ ಮಾಡ್ತೀರಾ ಅಂತ ಗದರಬಹುದು. ಆಗ ವಿನಯವಾಗೇ ಹೇಳಿ: ಸಾರ್, ವಿಷಯ ಕೊಟ್ಟವರು ನೀವು, ತಟ್ಟೆ ನಮ್ಮದು. ಹರಿದರೆ ಅಳತೆ ನಮ್ಮ ಹತ್ತಿರ ಇದೆ, ಲಗ್ನಪತ್ರಿಕೆ ಪ್ರತಿ ಮನೆಯಲ್ಲೂ ಇದೆ. ಎರಡನೇ ದಿನ ಇನ್ನೊಂದು ಮಾಡಿ ಅದೇ ಮೂಲೆಗೆ ಅಂಟಿಸಿ. ಚಕ್ರದ ಏಳು ದಿನವನ್ನು ವಾರ ವಾರ ಹೊಸದಾಗಿ ಬರೆಯಿರಿ, ತಾರೀಕು ಹಾಕಿ, ಹಳೇದನ್ನು ಎತ್ತಿಡಿ. ನಾಲ್ಕು ತಿಂಗಳ ಚಕ್ರಗಳು ಕೈಯಲ್ಲಿದ್ದರೆ ಅದು ಪೋಸ್ಟರಾಗಿ ಉಳಿಯೋದಿಲ್ಲ, ಲೆಕ್ಕದ ಪುಸ್ತಕವಾಗುತ್ತದೆ. ಅದನ್ನು ಹಿಡಿದು ಕಚೇರಿ ಬಾಗಿಲಿಗೆ ಹೋಗೋಣ. ಆ ಬಾಗಿಲೂ ತೆರೆಯಲೇಬೇಕು.

ಜೈ ಭೀಮ್.