ಬರೀ ಹೊಯ್ಗೆ ಅಲ್ಲ, ಸ್ವಾಮಿ!



"ಹಿತ್ತಲ ಗಿಡ ಮದ್ದಲ್ಲ" ಎಂಬ ಗಾದೆ ನಮಗಾಗಿಯೇ ಹುಟ್ಟಿತೇನೋ ಎಂದು ಒಮ್ಮೊಮ್ಮೆ ಅನಿಸುತ್ತದೆ. ಪ್ರವಾಸ ಎಂದ ಕೂಡಲೇ ನಮ್ಮ ಬಾಯಲ್ಲಿ ಬರುವುದು ಮಲ್ಪೆ, ಮುರ್ಡೇಶ್ವರ, ಗೋಕರ್ಣ. ನಮ್ಮೂರಿನ ಕಡಲ ತಡಿಯ ಸುದ್ದಿ ತೆಗೆದರೆ, "ಅಲ್ಲ್ ಕಾಂಬುಕ್ ಎಂತ ಇತ್ತ್ ಮಾರಾಯ್ರೆ? ಬರೀ ಹೊಯ್ಗಿ!" ಅಂತ ಉತ್ತರ. ಈ "ಬರೀ ಹೊಯ್ಗಿ"ಯ ಬಗ್ಗೆಯೇ ನಾಲ್ಕು ಮಾತು ಹೇಳಬೇಕಾಗಿದೆ.

ಮೊದಲು ನಮ್ಮ ಸುತ್ತ ಏನೇನಿದೆ ಅಂತ ಲೆಕ್ಕ ಹಾಕಿ. ಮೂಡಣಕ್ಕೆ 1,343 ಮೀಟರ್ ಎತ್ತರದ ಕೊಡಚಾದ್ರಿ. ಆ ಬೆಟ್ಟಗಳ ಕಡೆಯಿಂದ ಇಳಿದ ಸೌಪರ್ಣಿಕೆ ಕೊಲ್ಲೂರು ದಾಟಿ ಮರವಂತೆಗೆ ಬರುತ್ತದೆ. ಕಡಲು ಇನ್ನೇನು ಸಿಕ್ಕಿತು ಎನ್ನುವಾಗ ಸೇರದೆ ತಿರುಗಿ, ಗಂಗೊಳ್ಳಿಯಲ್ಲಿ ಬೇರೆ ಹೊಳೆಗಳ ಜೊತೆಗೂಡಿ ಸಮುದ್ರಕ್ಕೆ ಬೀಳುತ್ತದೆ. ಮರವಂತೆಯಲ್ಲಿ ಒಂದು ಬದಿ ಹೊಳೆ, ಇನ್ನೊಂದು ಬದಿ ಕಡಲು, ನಡುವೆ ರಾಷ್ಟ್ರೀಯ ಹೆದ್ದಾರಿ 66. ಬಡಗಣಕ್ಕೆ ಹೋದರೆ ಬೈಂದೂರಿನ ಸೋಮೇಶ್ವರ, ಒತ್ತಿನೆಣೆಯ ಗುಡ್ಡ, ಶಿರೂರಿನ ಒಳಗಡೆ ಕೂಸಳ್ಳಿ ಜಲಪಾತ. ಬೆಟ್ಟ, ಕಾಡು, ಹೊಳೆ, ಕಡಲು ಎಲ್ಲ ಇಷ್ಟು ಒತ್ತೊತ್ತಾಗಿ ಇರುವ ಊರು ಎಷ್ಟಿವೆ ಹೇಳಿ?

ಈಗೀಗ ಈ ಬೆಲೆ ಹೊರಗಿನವರಿಗೂ ಗೊತ್ತಾಗಿದೆ. ಹಾಗಾಗಿ "ನಮ್ಮ ಬೀಚೂ ಅಭಿವೃದ್ಧಿ ಆಗಬೇಕು" ಎಂಬ ಮಾತು ಅಲ್ಲಲ್ಲಿ ಕೇಳಿಬರುತ್ತಿದೆ. ಆಗಲಿ, ಯಾರು ಬೇಡ ಅಂದರು? ಆದರೆ ಅಭಿವೃದ್ಧಿ ಎಂದರೆ ಸಿಮೆಂಟಿನ ಕಟ್ಟೆ, ಸಾಲು ದೀಪ, ಮರಳಿನವರೆಗೆ ಕಾರು ಹೋಗುವ ರಸ್ತೆ ಅಂತ ತಿಳಿದವರೇ ಹೆಚ್ಚು. ನನ್ನ ಅಭಿಪ್ರಾಯ ಇಷ್ಟೇ: ಅಭಿವೃದ್ಧಿ ರಸ್ತೆ ಬದಿಯಲ್ಲಿ ಆಗಲಿ, ಹೊಯ್ಗೆಯ ಮೇಲೆ ಬೇಡ.

ಯಾಕೆ ಬೇಡ? ಹೊಯ್ಗೆ ಒಂದೇ ಕಡೆ ಬಿದ್ದುಕೊಂಡಿರುವ ವಸ್ತು ಅಲ್ಲ, ಅದು ನಡೆಯುತ್ತದೆ. ಮಳೆಗಾಲದ ದೊಡ್ಡ ಅಲೆಗಳು ದಡದ ಮರಳನ್ನು ಎಳೆದುಕೊಂಡು ಹೋಗಿ ಸ್ವಲ್ಪ ದೂರದಲ್ಲಿ ನೀರಿನಡಿ ಗುಡ್ಡೆ ಹಾಕುತ್ತವೆ. ಮುಂದಿನ ಅಲೆಗಳು ಆ ಗುಡ್ಡೆಗೆ ಬಡಿದು ಅಲ್ಲಿಯೇ ಸುಸ್ತಾಗುತ್ತವೆ, ದಡಕ್ಕೆ ಬರುವ ಏಟು ಕಡಿಮೆಯಾಗುತ್ತದೆ. ಮಳೆ ಮುಗಿದ ಮೇಲೆ ಸಣ್ಣ ಅಲೆಗಳು ಅದೇ ಮರಳನ್ನು ಮೆಲ್ಲನೆ ತಂದು ದಡಕ್ಕೆ ಹಾಕುತ್ತವೆ. ಅಂದರೆ ಈ ಹೊಯ್ಗೆ ನಮ್ಮ ತೆಂಗಿನ ತೋಟಕ್ಕೂ ಮನೆಗೂ ಇರುವ ಪಾಗಾರ. ನೇರಳೆ ಹೂವಿನ ಬಳ್ಳಿ ಹಬ್ಬಿ, ಕೇದಗೆ ಬೆಳೆದು ಈ ಪಾಗಾರವನ್ನು ಹಿಡಿದುಕೊಂಡಿವೆ. ಆ ಬಳ್ಳಿ ಕಿತ್ತು ಕಾಂಕ್ರೀಟ್ ಹಾಕಿದರೆ ಅಲೆ ಅದಕ್ಕೆ ಬಡಿದು, ಬುಡದ ಮರಳನ್ನೇ ಕೊರೆದು ಒಯ್ಯುತ್ತದೆ. ಆಮೇಲೆ ಕಟ್ಟೆ ಉಳಿಸಲು ಕಲ್ಲು ಹಾಕಬೇಕು. ಕಲ್ಲು ಹಾಕಿದ ಕಡೆ ಉಳಿದರೂ ಪಕ್ಕದ ಊರಿನಲ್ಲಿ ಕೊರೆತ ಶುರುವಾಗುತ್ತದೆ. ಮರವಂತೆಯಲ್ಲಿ ಹೆದ್ದಾರಿಯೇ ಕಡಲ ಪಾಲಾಗುವ ಭಯ ಇತ್ತು, ಕಲ್ಲು ಹಾಕದೆ ಗತಿ ಇರಲಿಲ್ಲ. ನಮಗೆ ಆ ಗತಿ ಇನ್ನೂ ಬಂದಿಲ್ಲವಲ್ಲ, ನಾವಾಗಿ ಯಾಕೆ ಕರೆಯಬೇಕು?

ಎರಡನೆಯ ಮಾತು. ಬಂದವರಿಗೆ ಅದು ಬೀಚು, ಮೀನುಗಾರರಿಗೆ ಅದು ಗದ್ದೆ ಇದ್ದ ಹಾಗೆ. ದೋಣಿ ಎಳೆದು ಇಡುವುದು, ಬಲೆ ಹರಡಿ ಹರಿದದ್ದನ್ನು ಕಟ್ಟುವುದು, ಮೀನು ಒಣಗಿಸುವುದು ಎಲ್ಲ ಆ ಹೊಯ್ಗೆಯಲ್ಲೇ. ಹಿಂದೆ ಊರಿಗೆ ಊರೇ ಸೇರಿ ದಡದಿಂದ ರಂಪಣಿ ಬಲೆ ಎಳೆಯುತ್ತಿದ್ದರು. 1970ರ ದಶಕದ ಕೊನೆಗೆ ಪರ್ಸೀನ್ ಬೋಟುಗಳು ಬಂದ ಮೇಲೆ ಅದು ಮೂಲೆಗೆ ಬಿತ್ತು. ಕೈರಂಪಣಿ ಮಾತ್ರ ಕರಾವಳಿಯಲ್ಲಿ ಇನ್ನೂ ಉಳಿದಿದೆ. ಕುರ್ಚಿ, ಕೊಡೆ, ಅಂಗಡಿ ಇಟ್ಟು ಜಾಗ ತುಂಬಿಸಿದರೆ ಇವರು ದೋಣಿಯನ್ನು ಎಲ್ಲಿ ಇಡಬೇಕು, ತಲೆ ಮೇಲೆಯೇ?

ಮೂರನೆಯದು ಮಾತು ಬಾರದ ಅತಿಥಿಯ ವಿಷಯ. ಚಳಿಗಾಲದ ರಾತ್ರಿಗಳಲ್ಲಿ ಆಲಿವ್ ರಿಡ್ಲೆ ಎಂಬ ಕಡಲಾಮೆ ಕುಂದಾಪುರ ಕಡೆಯ ದಡಗಳಿಗೆ ಬಂದು, ಹೊಯ್ಗೆ ತೋಡಿ ಸುಮಾರು ನೂರು ಮೊಟ್ಟೆ ಇಟ್ಟು ಮುಚ್ಚಿ ಹೋಗುತ್ತದೆ. ಸುಮಾರು ಐವತ್ತು ದಿನಕ್ಕೆ ಮರಿಗಳು ಹೊರಬಂದು, ಎಲ್ಲಿ ಬೆಳಕು ಕಾಣುತ್ತದೋ ಅತ್ತ ಓಡುತ್ತವೆ. ಕತ್ತಲ ದಡದಲ್ಲಿ ಬೆಳಗಾಗಿ ಕಾಣುವುದು ಕಡಲು. ಸಾಲು ದೀಪ ಹಾಕಿದರೆ ಮರಿಗಳು ರಸ್ತೆ ಕಡೆ ಬಂದು ನಾಯಿ, ಕಾಗೆಗಳ ಪಾಲು. ಕುಂದಾಪುರದ ಕೋಡಿಯಲ್ಲಿ ಅರಣ್ಯ ಇಲಾಖೆಯವರೂ ಊರವರೂ ಸೇರಿ ಗೂಡುಗಳನ್ನು ಕಾದು ಮರಿಗಳನ್ನು ಕಡಲಿಗೆ ಬಿಡುತ್ತಾರೆ. 1972ರ ವನ್ಯಜೀವಿ ಕಾಯಿದೆಯ ಪ್ರಕಾರ ಈ ಆಮೆಗೂ ಹುಲಿಯಷ್ಟೇ ರಕ್ಷಣೆ ಇದೆ ಎಂಬುದು ನೆನಪಿರಲಿ.

"ಇದೆಲ್ಲ ಸರಿ, ನಮ್ಮ ಹುಡುಗರಿಗೆ ಕೆಲಸ ಬೇಡವಾ? ಎಲ್ಲ ಬೆಂಗಳೂರು, ಮುಂಬಯಿ ಹೋಟೆಲಿಗೇ ಹೋಗಬೇಕಾ?" ಅಂತ ಹಿರಿಯರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಕೆಲಸ ಬರುವುದು ಸಿಮೆಂಟಿನಿಂದ ಅಲ್ಲ, ವ್ಯವಸ್ಥೆಯಿಂದ. 2020ರಲ್ಲಿ ನಮ್ಮದೇ ಜಿಲ್ಲೆಯ ಪಡುಬಿದ್ರಿಗೂ ಹೊನ್ನಾವರದ ಕಾಸರಕೋಡಿಗೂ ಬ್ಲೂ ಫ್ಲ್ಯಾಗ್ ಎಂಬ ಅಂತಾರಾಷ್ಟ್ರೀಯ ಮನ್ನಣೆ ಸಿಕ್ಕಿತು. ಅದಕ್ಕೆ ಮುಖ್ಯವಾಗಿ ನೋಡುವುದು ನೀರು ಶುದ್ಧ ಇದೆಯೇ, ಶೌಚಾಲಯ ಇದೆಯೇ, ಕಸ ಎಲ್ಲಿಗೆ ಹೋಗುತ್ತದೆ, ಜೀವರಕ್ಷಕರು ಇದ್ದಾರೆಯೇ ಎಂಬುದನ್ನು. ಇವೆಲ್ಲ ಊರಿನವರಿಗೇ ಸಿಗಬಹುದಾದ ಕೆಲಸಗಳು. ಮೀನೂಟ, ನೀರುದೋಸೆ, ಎಳನೀರು, ಉಳಿದುಕೊಳ್ಳಲು ಮನೆ, ಹೊಳೆಯಲ್ಲಿ ದೋಣಿ ಇವಕ್ಕೂ ಹೊಯ್ಗೆ ಮುಚ್ಚಬೇಕಾಗಿಲ್ಲ.

ಆದ್ದರಿಂದ ಪಂಚಾಯತಿಯವರಲ್ಲಿ ಮೂರು ವಿನಂತಿ.

1. ಪಾರ್ಕಿಂಗ್, ಶೌಚಾಲಯ, ಅಂಗಡಿ ರಸ್ತೆ ಬದಿಗೇ ಇರಲಿ. ಅಲ್ಲಿಂದ ಕಡಲಿಗೆ ಕಾಲುದಾರಿ ಸಾಕು. ಕಡಲ ಪಕ್ಕ ಹೇಗೆಂದರೆ ಹಾಗೆ ಕಟ್ಟಬಾರದು ಅಂತ 1991ರಿಂದಲೇ ಕರಾವಳಿ ನಿಯಂತ್ರಣ ವಲಯದ ನಿಯಮ ಇದೆ. 2019ರಲ್ಲಿ ಅದನ್ನು ಸಡಿಲಿಸಿದರೂ ತೆಗೆದುಹಾಕಿಲ್ಲ.

2. ಕಡಲಿಗೆ ಮುಖ ಮಾಡಿದ ದೀಪ ಬೇಡ.

3. ಊರಿನ ಈಜು ಬಲ್ಲ ಯುವಕರಿಗೆ ತರಬೇತಿ ಕೊಟ್ಟು ಜೀವರಕ್ಷಕರಾಗಿ ನೇಮಿಸಲಿ. ದಡದಿಂದ ಒಳಕ್ಕೆ ಎಳೆಯುವ ಸೆಳೆತಕ್ಕೆ ಸಿಕ್ಕಿದವರು ನೇರ ದಡಕ್ಕೆ ಈಜಿ ಸುಸ್ತಾಗಬಾರದು, ದಡಕ್ಕೆ ಸಮನಾಗಿ ಅಡ್ಡ ಈಜಿ ಸೆಳೆತ ತಪ್ಪಿಸಿಕೊಳ್ಳಬೇಕು. ಇದನ್ನು ಬರೆದ ದೊಡ್ಡ ಬೋರ್ಡು ಬೇಕು. ಮಳೆಗಾಲದಲ್ಲಿ ಮಾತ್ರ ಯಾರೂ ನೀರಿಗೆ ಇಳಿಯುವುದೇ ಬೇಡ.

ಇನ್ನು ನಮ್ಮ ಪಾಲು. ಹುಟ್ಟುಹಬ್ಬದ ಕೇಕ್ ಡಬ್ಬಿ, ಕುರ್ಕುರೆ ಪ್ಯಾಕೇಟು, ನೀರಿನ ಬಾಟಲಿ ಅಲ್ಲಿ ಬಿಟ್ಟು ಬರುವವರೆಲ್ಲ ಪರವೂರಿನವರೇ? ತಿಂಗಳಿಗೊಂದು ಶನಿವಾರ ಮಧ್ಯಾಹ್ನ, ಶಾಲೆ ಬಿಟ್ಟ ಮೇಲೆ, ಒಂದು ಗಂಟೆ ನಾವೆಲ್ಲ ಹೋಗಿ ಹೆಕ್ಕಿದರೆ ಆಗದೇ? ಮುಂದೆ ನೆಂಟರು ಕೇಳಿದಾಗ, "ಬನ್ನಿ, ಕಾಂಬ, ಒಳ್ಳೆ ಹೊಯ್ಗಿ ಇತ್ತ್" ಅಂತ ಧೈರ್ಯವಾಗಿ ಕರೆದುಕೊಂಡು ಹೋಗಬಹುದು.

ಏನಂತೀರಿ? ಒಪ್ಪದವರು ಮುಂದಿನ ಸಂಚಿಕೆಗೆ ಖಂಡಿತ ಬರೆದು ಕೊಡಿ.