ಹೊಲ ಬರೆದುಕೊಡುವ ಮುನ್ನ

ರೈತ ಬಾಂಧವರೇ, ಬಾದಾಮಿ ಸೀಮೆಗೆ ದೊಡ್ಡ ಗಾಲ್ಫ್ ರೆಸಾರ್ಟ್ ಬಂದರೆ ಬಾಳು ಹಸನಾದೀತೇ ಎಂದು ನೀವು ಕೇಳಬಹುದು. ಬೆಂಗಳೂರಿನ ಗಾಲ್ಫ್ ಕ್ಲಬ್ಬು 1876ರಿಂದ ಬಾಳಿದೆ; ಅಲ್ಲಿ ಆಡುವವರು ಊರಲ್ಲೇ ಇದ್ದಾರೆ. ನಮ್ಮಲ್ಲಿ ಯಾರಿದ್ದಾರೆ? ಗುಹೆ, ಪಟ್ಟದಕಲ್ಲು ನೋಡಬಂದವರು ಒಂದೆರಡು ದಿನದಲ್ಲಿ ಮರಳುತ್ತಾರೆ. ಬೇಸಿಗೆಯಲ್ಲಿ ಅವರೂ ಕಡಿಮೆ. ಆದರೆ 18 ಕುಳಿಯ ಮೈದಾನದ ಹುಲ್ಲಿಗೆ ಹೆಚ್ಚು ನೀರು ಬೇಕಾಗುವುದು ಆಗಲೇ.

ನಿಲ್ಲುವ ವ್ಯಾಪಾರ ನೋಡಬೇಕೆಂದರೆ ಬನಶಂಕರಿ ಗುಡಿಯ ಬಳಿ ರೊಟ್ಟಿ, ಪಲ್ಯ, ಮೊಸರು ಮಾರುವ ತಾಯಂದಿರ ಬುಟ್ಟಿ ನೋಡಿರಿ. ಬನದ ಹುಣ್ಣಿಮೆ ಜಾತ್ರೆ ಮುಗಿದ ಮೇಲೂ ಗಿರಾಕಿ ಉಂಟು. ಉಣ್ಣುವವರು ನಮ್ಮ ಸೀಮೆಯವರೇ.

ಆದ್ದರಿಂದ ಹೊಲ ಕೇಳಬಂದವರನ್ನು ಮೊದಲು ಕೇಳಿರಿ: ನೀರು ಎಲ್ಲಿಂದ? ಬೇಸಿಗೆಯಲ್ಲಿ ಗಿರಾಕಿ ಯಾರು? ನಮ್ಮ ಕಾಯಿಪಲ್ಯ ಕೊಳ್ಳುವ ಕರಾರು ಉಂಟೇ? ಉತ್ತರ ಕಾಗದದ ಮೇಲೆ ಬರುವವರೆಗೆ ಜೋಳ ಬಿತ್ತುತ್ತಿರಿ.