ಕಿಟ್ಟು ಬೇಡ, ಲೆಕ್ಕ ಕೊಡಿ

ನಮ್ಮ ಕೇರಿಯ ಒಂದು ಬಚ್ಚಲಿಗೆ ಇವತ್ತಿಗೂ ಬಾಗಿಲಿಲ್ಲ. ಬಾಗಿಲಿನ ಜಾಗದಲ್ಲಿ ಪ್ಲಾಸ್ಟಿಕ್ ಚೀಲಗಳನ್ನು ಹೊಲಿದು ಪರದೆ ಕಟ್ಟಿದ್ದಾರೆ. ಆ ಚೀಲಗಳ ಮೇಲೆ ಒಬ್ಬ ನಾಯಕರು ಕೈಮುಗಿದುಕೊಂಡು ನಗುತ್ತಿದ್ದಾರೆ. 2020ರ ಏಪ್ರಿಲ್‌ನಲ್ಲಿ ಜೀಪು ತುಂಬಿಕೊಂಡು ಬಂದ ಕಿಟ್ಟುಗಳ ಚೀಲ ಅವು. ಐದು ಕೆಜಿ ಅಕ್ಕಿ, ಒಂದು ಕೆಜಿ ಬೇಳೆ, ಒಂದು ಪಾಕೀಟು ಎಣ್ಣೆ, ಉಪ್ಪು. ಅಕ್ಕಿ ನಾಲ್ಕು ದಿನಕ್ಕೆ ಮುಗಿಯಿತು. ನಗು ಇನ್ನೂ ಮುಗಿದಿಲ್ಲ.

ನಾವು ಆಗ ಡಿಗ್ರಿ ಓದುತ್ತಿದ್ದೆವು. ಹಾಸ್ಟೆಲಿಗೆ ಬೀಗ ಬಿದ್ದು ಕೇರಿಗೆ ಬಂದಿದ್ದೆವು. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಕಾಲು ನಮ್ಮದು. ಆ ಕಾಲಿನಲ್ಲೇ ನಿಂತು ನೋಡಿದೆವು. ಒಂದು ಚೀಲಕ್ಕೆ ಹತ್ತು ಕೈ. ಒಂಬತ್ತು ಕೈ ಕೊಡುವವರದು, ಒಂದು ಕೈ ನಮ್ಮವ್ವನದು. "ತಲೆ ಎತ್ತಮ್ಮಿ, ಪೋಟೊ ಬೀಳ್ಬೇಕು" ಅಂದರು. ತಲೆಮಾರುಗಟ್ಟಲೆ ತಲೆ ತಗ್ಗಿಸು ಎಂದವರು ತಲೆ ಎತ್ತು ಎಂದದ್ದು ಅದೊಂದೇ ಸಲ. ಅದೂ ಪೋಟೊಗೆ!

ಕೊರೋನಾ ಮುಗಿದ ಕಥೆ, ಈಗ ಯಾಕಪ್ಪ ಅಂತೀರಾ? ಮುಗಿದಿರುವುದು ರೋಗ. ಆವತ್ತು ಮಾಡಿದ ಸಾಲ ಮುಗಿದಿಲ್ಲ. ಸತ್ತವರ ಹೆಸರು ಪಟ್ಟಿಗೆ ಸೇರಿಲ್ಲ. ಇನ್ನೊಂದು ರೋಗ ಬಂದರೆ ಅದೇ ಜೀಪು ಬರುತ್ತದೆ, ಅದೇ ಪೋಟೊ ತೆಗೆಯುತ್ತಾರೆ. ಅದಕ್ಕೇ ಈಗಲೇ ಮಾತಾಡಬೇಕು.

2020ರ ಮಾರ್ಚ್ 24ರ ರಾತ್ರಿ ಎಂಟು ಗಂಟೆಗೆ ಪ್ರಧಾನಿ ಮಾತಾಡಿದರು. ನಾಲ್ಕು ಗಂಟೆ ಕಳೆಯುವುದರೊಳಗೆ ದೇಶಕ್ಕೆ ಬೀಗ ಬಿತ್ತು. 'ಸಾಮಾಜಿಕ ಅಂತರ ಕಾಪಾಡಿ' ಎಂದು ಸಾರಿದರು. ಆ ಪಾಠ ನಮಗೆ ಹೇಳಿಕೊಡಬೇಕಾಗಿರಲಿಲ್ಲ ಸ್ವಾಮಿ, ಊರಿಗೂ ಕೇರಿಗೂ ನಡುವೆ ಇದ್ದದ್ದೇ ಅದು. ದಿನಗೂಲಿ ನಿಂತಿತು. ಮೇ ಮೊದಲ ವಾರದಲ್ಲಿ, ಹೊರರಾಜ್ಯದ ಕೂಲಿಗಳನ್ನು ಊರಿಗೆ ಮುಟ್ಟಿಸಬೇಕಾಗಿದ್ದ ರೈಲುಗಳನ್ನು ಕರ್ನಾಟಕ ಸರ್ಕಾರವೇ ಬೇಡವೆಂದಿತು. ಅದಕ್ಕೆ ಮುಂಚೆ ಬಿಲ್ಡರುಗಳ ಜೊತೆ ಕೂತು ಮಾತಾಡಿತ್ತು. ಕಟ್ಟಡಕ್ಕೆ ಆಳು ಬೇಕಲ್ಲ! ನಾಡೆಲ್ಲ ಛೀಮಾರಿ ಹಾಕಿದ ಮೇಲೆ ರೈಲು ಮತ್ತೆ ಹೊರಟವು.

ಅದೇ ವಾರ, ಮೇ 6ರಂದು, 1,610 ಕೋಟಿ ರೂಪಾಯಿಯ ಪರಿಹಾರ ಘೋಷಣೆಯಾಯಿತು. ಕ್ಷೌರಿಕರಿಗೆ, ಮಡಿವಾಳರಿಗೆ, ಆಟೋ-ಟ್ಯಾಕ್ಸಿ ಓಡಿಸುವವರಿಗೆ ಒಂದು ಸಲಕ್ಕೆ 5,000. ಹೂ ಬೆಳೆದವರಿಗೆ ಒಂದು ಹೆಕ್ಟೇರಿಗೆ 25,000. ಕೊಟ್ಟದ್ದಕ್ಕೆ ನಮ್ಮ ತಕರಾರಿಲ್ಲ. ಅವರೂ ಹಸಿದವರೇ. ಆದರೆ ಹೂವಿನ ಲೆಕ್ಕ ನೋಡಿ. ಹೊಲ ಇದ್ದವನಿಗೆ ಹೆಕ್ಟೇರಿನ ಅಳತೆಯಲ್ಲಿ ದುಡ್ಡು. ಬೆಳಗಿನ ಜಾವ ಮಂಜಿನಲ್ಲಿ ಬಗ್ಗಿ ಆ ಹೂ ಬಿಡಿಸುವ ಕೂಲಿ ಹೆಂಗಸಿಗೆ ಆ ಘೋಷಣೆಯಲ್ಲಿ ಒಂದು ಸಾಲೂ ಇಲ್ಲ. ಅವಳಿಗೆ ಹೆಕ್ಟೇರಿಲ್ಲ. ಇರುವುದು ಎರಡು ಕೈ. ಕೈಯನ್ನು ಅಳೆಯುವ ಮಾಪು ಯಾವ ಸರ್ಕಾರದ ಹತ್ತಿರವೂ ಇರಲಿಲ್ಲ.

ಕಟ್ಟಡ ಕಾರ್ಮಿಕರಿಗೆ ಮೊದಲು 2,000, ಆಮೇಲೆ 3,000 ಎಂದರು. ಅದು ಯಾರಪ್ಪನ ಮನೆಯ ಗಂಟು? 1996ರ ಕಾನೂನಿನ ಪ್ರಕಾರ ಕಟ್ಟಡದ ವೆಚ್ಚದಲ್ಲಿ ನೂರಕ್ಕೆ ಒಂದು ರೂಪಾಯಿ ಸೆಸ್ಸು ಕೂಡಿಡುತ್ತಿದ್ದರು. ಗಾರೆ ಹೊತ್ತವರ ಹೆಸರಿನಲ್ಲಿ ಕೂಡಿಟ್ಟ ಹಣ ಅದು. ನಮ್ಮ ಹಣವನ್ನೇ ನಮಗೆ ಕೊಟ್ಟು ಪರಿಹಾರ ಎಂದರು. ಅದಾದರೂ ಎಲ್ಲರಿಗೂ ಸಿಕ್ಕಿತೆ? ಹೆಸರು ನೋಂದಾಯಿಸಿರಬೇಕು. ನೋಂದಾಯಿಸಲು ವರ್ಷದಲ್ಲಿ 90 ದಿನ ಕೆಲಸ ಮಾಡಿದ ಸರ್ಟಿಫಿಕೇಟು ಬೇಕು. ಇವತ್ತು ಈ ಮೇಸ್ತ್ರಿ, ನಾಳೆ ಆ ಮೇಸ್ತ್ರಿ ಎಂದು ತಿರುಗುವ ನಮ್ಮಪ್ಪನಂಥವರಿಗೆ ಸರ್ಟಿಫಿಕೇಟು ಬರೆದುಕೊಡುವವರು ಯಾರು? 2021ರ ಮೇ ತಿಂಗಳಲ್ಲಿ ಮತ್ತೆ 1,250 ಕೋಟಿ ಎಂದರು. ಮನೆಗೆಲಸದವರು, ಚಮ್ಮಾರರು, ಹಮಾಲಿಗಳು, ಚಿಂದಿ ಆಯುವವರು, ಎಲ್ಲರಿಗೂ 2,000. ಅದಕ್ಕೆ ಸೇವಾ ಸಿಂಧುವಿನಲ್ಲಿ ಅರ್ಜಿ, ಆಧಾರ್, ಬ್ಯಾಂಕು, ವೃತ್ತಿಯ ಪ್ರಮಾಣಪತ್ರ. ದುಡಿದು ಸವೆದ ಕೈ ತೋರಿಸಿದರೆ ಸಾಲದು, ಕೈ ಸವೆದಿದೆ ಎಂದು ಬರೆದ ಕಾಗದ ತೋರಿಸಬೇಕು!

ದೆಹಲಿಯಿಂದ ಬಂದದ್ದೂ ಹೇಳುತ್ತೇವೆ. ತಲೆಗೆ ತಿಂಗಳಿಗೆ 5 ಕೆಜಿ ಧಾನ್ಯ ಪುಕ್ಕಟೆ ಬಂತು. ಅದು ಎಷ್ಟೋ ಒಲೆ ಉರಿಸಿತು, ಇಲ್ಲ ಎನ್ನುವುದಿಲ್ಲ. ಅದು ಉರಿಸಿದ್ದು ಯಾಕೆ? ಕಾರ್ಡಿದ್ದವರು ಅದಕ್ಕಾಗಿ ಬೇರೆ ಅರ್ಜಿ ಬರೆಯಬೇಕಿರಲಿಲ್ಲ, ಪೋಟೊಗೆ ನಿಲ್ಲಬೇಕಿರಲಿಲ್ಲ. ಸೊಸೈಟಿಗೆ ಹೋದರೆ ಅಳೆದು ಹಾಕುತ್ತಿದ್ದರು. ಹಕ್ಕು ಅಂದರೆ ಅದು. ಜನಧನ ಖಾತೆಯ ಹೆಂಗಸರಿಗೆ ತಿಂಗಳಿಗೆ 500 ರೂಪಾಯಿಯೂ ಬಂತು, ಮೂರೇ ತಿಂಗಳು. ಐನೂರನ್ನು ಮೂವತ್ತರಿಂದ ಭಾಗಿಸಿ ನೋಡಿ. ದಿನಕ್ಕೆ ಹದಿನೇಳು ರೂಪಾಯಿಯೂ ಇಲ್ಲ.

ಹಾಗಾದರೆ ನಮ್ಮ ಜನ ಬದುಕಿದ್ದು ಹೇಗೆ? ಕೇರಿ ಕೇರಿಯನ್ನು ಸಾಕಿತು. ಮಾರಮ್ಮನ ಗುಡಿಯ ಮುಂದೆ ಹೆಂಗಸರು ಒಂದು ಡ್ರಮ್ಮು ಇಟ್ಟರು. ಇದ್ದವರು ಹಿಡಿ ರಾಗಿ ಹಾಕಿದರು, ಇಲ್ಲದವರು ಒಯ್ದರು. ವಿಧವಾ ಪಿಂಚಣಿಯ ಮುದುಕಿಯೊಬ್ಬಳು ಬಾಣಂತಿಯ ಮನೆಗೆ ಬೆಲ್ಲ ಕೊಡಿಸಿದಳು. ಯಾರು ಎಷ್ಟು ಹಾಕಿದರು, ಯಾರಿಗೆ ಎಷ್ಟು ಹೋಯಿತು ಎಂದು ಅಕ್ಷರ ಬಾರದ ನಮ್ಮವ್ವಂದಿರು ಗುಡಿಯ ಗೋಡೆಯ ಮೇಲೆ ಇದ್ದಿಲಿನಲ್ಲಿ ಗೀಟು ಎಳೆದರು. ಒಂದು ಮನೆಯೂ ತಪ್ಪಲಿಲ್ಲ. ಕಂಪ್ಯೂಟರಿನಲ್ಲಿ ಕಾಣೆಯಾದ ಹೆಸರುಗಳೆಲ್ಲ ಆ ಗೋಡೆಯ ಮೇಲಿದ್ದವು.

ಇದನ್ನು ಕೇಳಿ ಪೇಟೆಯ ಬುದ್ಧಿಜೀವಿಗಳು 'ಬಡವರ ಹೃದಯ ಎಷ್ಟು ದೊಡ್ಡದು!' ಎಂದು ಕಣ್ಣೊರೆಸಿಕೊಳ್ಳುತ್ತಾರೆ. ಹೃದಯ ದೊಡ್ಡದಿರಬಹುದು ಸ್ವಾಮಿ, ಗಡಿಗೆ ಸಣ್ಣದು. ಹಸಿದವನು ಹಸಿದವನಿಗೆ ಎಷ್ಟು ದಿನ ಕೊಟ್ಟಾನು? ಜೂನ್ ತಿಂಗಳ ಹೊತ್ತಿಗೆ ಡ್ರಮ್ಮು ತಳ ಕಂಡಿತು. ಆಗ ಹೆಂಗಸರು ಸಂಘದ ಸಾಲಕ್ಕೆ ಕೈಯೊಡ್ಡಿದರು. ಹಳೆಯ ಸಾಲದ ಕಂತು ಆರು ತಿಂಗಳು ಕಟ್ಟದಿದ್ದರೂ ನಡೆಯುತ್ತದೆ ಎಂದು ರಿಸರ್ವ್ ಬ್ಯಾಂಕು 2020ರಲ್ಲಿ ಹೇಳಿತ್ತು. ಕಂತು ನಿಂತಿತು, ಬಡ್ಡಿ ನಿಲ್ಲಲಿಲ್ಲ. ಒಂದು ಸಂಘದ ಕಂತಿಗೆ ಇನ್ನೊಂದು ಸಂಘದ ಸಾಲ, ಅದಕ್ಕೆ ಮತ್ತೊಂದು. ಕೊನೆಗೆ ವಸೂಲಿಯ ಕಿರುಕುಳ ತಾಳಲಾರದೆ ಜನ ಊರು ಬಿಟ್ಟರು, ಪ್ರಾಣ ಬಿಟ್ಟರು. 2025ರ ಫೆಬ್ರವರಿಯಲ್ಲಿ ಸರ್ಕಾರ ಕಿರುಸಾಲದ ಕಿರುಕುಳದ ವಿರುದ್ಧ ಸುಗ್ರೀವಾಜ್ಞೆ ತಂದಿತು. ನಮ್ಮ ಕೇರಿಯಲ್ಲಿ ಆ ಸಾಲದ ಬೇರು 2020ರ ಖಾಲಿ ಡ್ರಮ್ಮಿನಲ್ಲಿದೆ. ಹೊತ್ತಿಗೆ ಸರಿಯಾಗಿ ಬಾರದ ಪರಿಹಾರವೇ ಸಾಲವಾಗಿ ಬೆಳೆಯಿತು.

ಈಗ ಸಾವಿನ ಮಾತು. 2021ರ ಮೇ ತಿಂಗಳಲ್ಲಿ ನಮ್ಮ ಚಿಕ್ಕಪ್ಪನ ವರಸೆಯ ಒಬ್ಬರು, ಗಾರೆ ಕೆಲಸದವರು, ಐದು ದಿನ ಜ್ವರದಲ್ಲಿ ಮಲಗಿ, ಹಾಸಿಗೆ ಹುಡುಕುತ್ತ ಹೋಗುವಾಗ ದಾರಿಯಲ್ಲೇ ಹೋದರು. ಜೂನ್ 14ಕ್ಕೆ ಮುಖ್ಯಮಂತ್ರಿಗಳು ಹೇಳಿದರು, ದುಡಿಯುವವರನ್ನು ಕಳೆದುಕೊಂಡ ಬಿಪಿಎಲ್ ಕುಟುಂಬಕ್ಕೆ 1 ಲಕ್ಷ. ಚಿಕ್ಕವ್ವ ಕಚೇರಿಗೆ ಹೋದಳು. "ರಿಪೋರ್ಟು ಎಲ್ಲಮ್ಮ?" ಎಂದರು. "ಉಸ್ರು ನಿಂತಿದ್ದೇ ರಿಪೋರ್ಟು ಕಣಪ್ಪ" ಅಂದಳು. ಆ ಮಾತಿಗೆ ಅರ್ಜಿಯಲ್ಲಿ ಜಾಗವಿರಲಿಲ್ಲ.

ಜಾಗ ಯಾಕಿರಲಿಲ್ಲ? 2020ರ ಮಾರ್ಚ್ 14ರಂದು ಕೇಂದ್ರ ಸರ್ಕಾರ ಕೊರೋನಾ ಸಾವಿಗೆ 4 ಲಕ್ಷ ಎಂದು ಬರೆದು, ಅದೇ ದಿನ ಅಳಿಸಿತು. 2021ರ ಜೂನ್ 30ರಂದು ಸುಪ್ರೀಂ ಕೋರ್ಟು, ಪರಿಹಾರ ಕೊಡಲೇಬೇಕು ಎಂದ ಮೇಲೆ 50,000ಕ್ಕೆ ಇಳಿಸಿ ಒಪ್ಪಿತು. ಮರಣಪತ್ರದಲ್ಲಿ ಕೊರೋನಾ ಎಂದು ಬರೆದಿಲ್ಲವೆಂಬ ಒಂದೇ ಕಾರಣಕ್ಕೆ ಇಲ್ಲ ಎನ್ನಬಾರದು ಎಂದು ಅದೇ ಕೋರ್ಟು ಅಕ್ಟೋಬರ್ 4ರಂದು ಹೇಳಿತು. ಒಳ್ಳೆಯ ಮಾತು. ಆದರೆ ಪರೀಕ್ಷೆಯೂ ಇಲ್ಲದೆ ಡಾಕ್ಟರ ಚೀಟಿಯೂ ಇಲ್ಲದೆ ಸತ್ತವರಿಗೆ ಆ ಬಾಗಿಲೂ ಕಿರಿದು. 2022ರ ಮಾರ್ಚ್ 24ರಂದು ಹಳೆಯ ಸಾವುಗಳ ಅರ್ಜಿಗೆ 60 ದಿನದ ಗಡುವು ಬಿತ್ತು. ಗಡುವು ಮೀರಿದವರು ಕಷ್ಟ ಹೇಳಿಕೊಂಡು ಜಿಲ್ಲೆಯ ಸಮಿತಿಗೆ ಹೋಗಬಹುದು ಎಂದೂ ಅದರಲ್ಲಿತ್ತು. ಆ ಸಾಲನ್ನು ನಮ್ಮ ಚಿಕ್ಕವ್ವನಿಗೆ ಯಾರೂ ಓದಿ ಹೇಳಲಿಲ್ಲ.

ಓದಿ ಹೇಳಬೇಕಾದವರು ಯಾರು? ನಾವೇ! ಇಲ್ಲಿ ನಮ್ಮ ತಪ್ಪನ್ನೂ ಹೇಳಿಬಿಡಬೇಕು. ನಾವು ಆ ದಿನಗಳಲ್ಲಿ ಹಸಿವಿನ ಮೇಲೆ ಪದ್ಯ ಬರೆಯುತ್ತಿದ್ದೆವು. ಚಪ್ಪಾಳೆಯೂ ಸಿಕ್ಕಿತು. ನಮ್ಮಂಥ ಓದಿದ ಹುಡುಗರಲ್ಲೇ ಕೆಲವರು ಅರ್ಜಿ ತುಂಬಲು ನಮ್ಮವರಿಂದಲೇ ನೂರು ಇನ್ನೂರು ಇಸಿದುಕೊಂಡರು. ಕಲಿತ ಅಕ್ಷರ ಕೇರಿಗೆ ಬಾರದಿದ್ದರೆ ಅದು ಇನ್ನೊಂದು ಜಾತಿಯಾಗುತ್ತದೆ.

ಗೆಳೆಯರೇ, 1897ರ ಪ್ಲೇಗು ಎರಡು ವಸ್ತುಗಳನ್ನು ಬಿಟ್ಟುಹೋಯಿತು. ಒಂದು, ಅಧಿಕಾರಿಗಳ ಕೈಗೆ ಲಾಠಿ ಕೊಟ್ಟ ಸಾಂಕ್ರಾಮಿಕ ರೋಗಗಳ ಕಾಯಿದೆ. 2020ರ ಮಾರ್ಚಿನಲ್ಲಿ ಕರ್ನಾಟಕ ಕೈಗೆತ್ತಿಕೊಂಡದ್ದು ಅದನ್ನೇ. ಇನ್ನೊಂದು, ರೋಗಿ ಮಗುವನ್ನು ಬೆನ್ನ ಮೇಲೆ ಹೊತ್ತು ಮಗನ ಆಸ್ಪತ್ರೆಗೆ ತಂದು, ತಾನೂ ಪ್ಲೇಗಿಗೆ ಬಲಿಯಾದ ಸಾವಿತ್ರಿಬಾಯಿ ಫುಲೆ. ಆಕೆ ತೀರಿಕೊಂಡದ್ದು ಅದೇ ವರ್ಷದ ಮಾರ್ಚ್ 10ರಂದು. ಸರ್ಕಾರ ಲಾಠಿಯನ್ನು ನೆನಪಿಟ್ಟುಕೊಂಡಿತು. ಬೆನ್ನನ್ನು ನಾವು ನೆನಪಿಟ್ಟುಕೊಳ್ಳಬೇಕು. ಆದರೆ ಪ್ರತಿ ಸಲವೂ ನಮ್ಮ ಹೆಂಗಸರ ಬೆನ್ನೇ ಮುರಿಯಬೇಕೆಂದು ಎಲ್ಲಿ ಬರೆದಿದೆ? ಬಾಬಾಸಾಹೇಬರು 1927ರಲ್ಲಿ ಮಹಾಡಿನ ಕೆರೆಯ ದಡದಲ್ಲಿ, ಯಾರಾದರೂ ಒಂದು ಕೊಡ ನೀರು ಹೊಯ್ಯಲಿ ಎಂದು ಕಾಯಲಿಲ್ಲ. ಇಳಿದು ಕುಡಿದರು. ಪರಿಹಾರವೂ ಆ ಕೆರೆಯ ನೀರಿನಂತೆಯೇ.

ಅದಕ್ಕೆ ನಾವು ಕೇಳುತ್ತೇವೆ. ರೋಗದ ಕಾಲದಲ್ಲಿ ರೇಷನ್ ಕಾರ್ಡೇ ಅರ್ಜಿಯಾಗಲಿ, ಬೇರೆ ಕಾಗದ ಬೇಡ. ಕಾರ್ಡಿಲ್ಲದ ಅಲೆಮಾರಿಗೆ ಪಂಚಾಯ್ತಿಯ ಮಾತೇ ಸಾಕಾಗಲಿ. ಹೊಲದ ಕೂಲಿಯ ಹೆಸರು ಪಟ್ಟಿಯ ಮೊದಲ ಸಾಲಿನಲ್ಲಿರಲಿ. ಕಂತಿನ ಜೊತೆ ಬಡ್ಡಿಯೂ ನಿಲ್ಲಲಿ. ಸಾವಿಗೆ ಕೇರಿಯ ಸಾಕ್ಷಿ ನಡೆಯಲಿ. 2020, 21ರಲ್ಲಿ ಭಾರತದಲ್ಲಿ ಸುಮಾರು 47 ಲಕ್ಷ ಹೆಚ್ಚುವರಿ ಸಾವು ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿತು. ಸರ್ಕಾರದ ಪಟ್ಟಿಯಲ್ಲಿ ಆ ಎರಡು ವರ್ಷಕ್ಕೆ 5 ಲಕ್ಷವೂ ಇರಲಿಲ್ಲ. ಆ ಅಂದಾಜನ್ನು ಸರ್ಕಾರ ಒಪ್ಪಲಿಲ್ಲ. ಒಪ್ಪದಿದ್ದರೆ ಬನ್ನಿ, ಕೇರಿ ಕೇರಿಗೆ ಬಂದು ಎಣಿಸಿ!

ಎಣಿಸುವವರು ಬರುವ ತನಕ ನಾವು ಕೈಕಟ್ಟಿ ಕೂರುವಂತಿಲ್ಲ. ಹಳ್ಳಿಯ ಮೇಷ್ಟ್ರುಗಳೇ, ಯಾವ ಮಗುವಿನ ಅಪ್ಪ 2021ರಲ್ಲಿ ಹೋದ ಎಂಬುದು ನಿಮಗೆ ಗೊತ್ತು. ವಿದ್ಯಾರ್ಥಿಗಳೇ, ರಜೆಗೆ ಬಂದಾಗ ಒಂದು ನೋಟ್‌ಬುಕ್ ತನ್ನಿ. ಯಾರು ಸತ್ತರು, ಯಾವ ದಿನ, ಯಾವ ಜ್ವರ, ಏನು ಬಂತು, ಏನು ಬರಲಿಲ್ಲ, ಸಾಲ ಎಷ್ಟು, ಮನೆಮನೆಗೆ ಹೋಗಿ ಬರೆಯಿರಿ. ಆ ಪುಸ್ತಕವನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿ, ನಡಾವಳಿಯಲ್ಲಿ ಬರೆಸಿ. ಜಿಲ್ಲೆಯ ಕಚೇರಿಗೆ ಚಿಕ್ಕವ್ವ ಒಬ್ಬಳೇ ಹೋದರೆ ಅರ್ಜಿ. ಕೇರಿಯೆಲ್ಲ ಹೋದರೆ ಲೆಕ್ಕ.

ಗುಡಿಗೆ ಹೋದ ವರ್ಷ ಸುಣ್ಣ ಹೊಡೆದರು. ಇದ್ದಿಲಿನ ಗೀಟುಗಳು ಅಳಿಸಿಹೋದವು. ಅವನ್ನು ನೋಟ್‌ಬುಕ್ಕಿಗೆ ಇಳಿಸಲು ನಾವು ಈಗ ಮನೆಮನೆಗೆ ಹೋಗಿ ಕೇಳುತ್ತಿದ್ದೇವೆ. ನೀವೂ ನಿಮ್ಮ ಕೇರಿಯಲ್ಲಿ ಶುರುಮಾಡಿ.